ಕನ್ಸಲ್ಟಿಂಗ್ ಕೆಲಸಕ್ಕೆ ಕೈ ಪಳಗಿಸಿಕೊಳ್ಳಲು ಯಾವ ದಾರಿ? ಎಂಬಿಎ, ಅನಾಲಿಸ್ಟ್ ನೌಕರಿ, ಸಿಎ, ಸಣ್ಣ ಕಾರ್ಖಾನೆ, ಕೇಸ್ ಅಭ್ಯಾಸ: ಒಂದು ಹೋಲಿಕೆ

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ಗೆ, ಅಂದರೆ ಸಂಸ್ಥೆಗಳ ಸಮಸ್ಯೆಗೆ ಸಲಹೆ ಕೊಡುವ ಕೆಲಸಕ್ಕೆ, ಹೋಗಬೇಕು ಅನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ‘ಯಾವ ಕೋರ್ಸ್ ಮಾಡ್ಬೇಕು?’ ಕೋರ್ಸಿನ ಮಾತು ಆಮೇಲೆ. ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಕಂಪನಿಯವರು ನಿಮ್ಮನ್ನು ಸೇರಿಸಿಕೊಳ್ಳಲು ಏನು ಬೇಕು ಅನ್ನುವುದು ಒಂದು. ಸೇರಿದ ಮೇಲೆ ಕೆಲಸ ಮಾಡಲು ಏನು ಬರಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾಲೇಜಿನ ಹೆಸರು, ಅಂಕ, ಪರಿಚಯ ಎಲ್ಲ ನೆರವಿಗೆ ಬರುತ್ತವೆ. ಎರಡನೆಯದು ಬರುವುದು, ಒಂದು ಸಮಸ್ಯೆಯನ್ನು ಶುರುವಿನಿಂದ ಕೊನೆಯವರೆಗೆ ತಾವೇ ಹೊತ್ತು ಮುಗಿಸಿದವರಿಗೆ.

ಈ ಎರಡೂ ಒಂದೇ ಅಂದುಕೊಂಡು ಮನೆ ಪತ್ರ ಅಡ ಇಟ್ಟು ಸಾಲ ಮಾಡುವವರಿದ್ದಾರೆ. ಇವುಗಳಲ್ಲಿ ಒಂದನ್ನೇ ಹಿಡಿದು, ಇನ್ನೊಂದು ತಾನಾಗಿ ಬರುತ್ತದೆ ಅಂತ ಕಾಯುವವರೂ ಇದ್ದಾರೆ. ಹಾಗಾಗಿ ಕೆಳಗೆ ಪ್ರತಿ ದಾರಿಯನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಇದು ಯಾವ ಬಾಗಿಲು ತೆರೆಯುತ್ತದೆ? ಯಾವ ಕೆಲಸ ಕಲಿಸುತ್ತದೆ?

ಕೆಲಸ ನಿಜಕ್ಕೂ ಏನು

ಈ ವೃತ್ತಿಗೆ ನೂರು ವರ್ಷಕ್ಕಿಂತ ಹೆಚ್ಚೇ ಆಗಿದೆ. ಹೆಸರಾಂತ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಮೆಕಿನ್ಸಿ ಶಿಕಾಗೋದಲ್ಲಿ ಶುರುವಾದದ್ದು 1926ರಲ್ಲಿ. ಬಿಸಿಜಿ 1963ರಲ್ಲಿ, ಬೇನ್ 1973ರಲ್ಲಿ ಹುಟ್ಟಿದವು. ನಮ್ಮಲ್ಲಿ ಇವುಗಳ ಜೊತೆಗೆ ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಅನ್ನುವ ‘ಬಿಗ್ ಫೋರ್’ ಕೂಡ ದೊಡ್ಡ ಮಟ್ಟದಲ್ಲಿ ಈ ಕೆಲಸ ಮಾಡುತ್ತವೆ. ಕ್ಲೈಂಟ್ ಬ್ಯಾಂಕ್ ಇರಬಹುದು, ಸಿಮೆಂಟ್ ಕಂಪನಿ ಇರಬಹುದು, ರಾಜ್ಯ ಸರ್ಕಾರದ ಇಲಾಖೆಯೂ ಇರಬಹುದು. ಒಂದು ಪ್ರಾಜೆಕ್ಟ್‌ಗೆ ನಾಲ್ಕೈದು ಜನರ ತಂಡ, ಕೆಲವು ತಿಂಗಳ ಅವಧಿ. ‘ಲಾಭ ಯಾಕೆ ಇಳೀತಿದೆ, ಏನು ಮಾಡ್ಬೇಕು?’ ಅನ್ನುವ ಪ್ರಶ್ನೆಗೆ ಅಷ್ಟರೊಳಗೆ ಉತ್ತರ ಕೊಡಬೇಕು.

ಹೊಸದಾಗಿ ಸೇರಿದವರ ಪಾಲಿಗೆ ಬರುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ನಾಲ್ಕು ಕಸುಬು ಕಾಣುತ್ತವೆ. ಮೊದಲನೆಯದು ಸಮಸ್ಯೆಯನ್ನು ತುಂಡು ಮಾಡುವುದು. ಒಂದು ತುಂಡು ಇನ್ನೊಂದರ ಮೇಲೆ ಬೀಳಬಾರದು, ಏನೂ ಬಿಟ್ಟುಹೋಗಲೂ ಬಾರದು. ಕನ್ಸಲ್ಟಿಂಗ್‌ನವರು ಇದನ್ನು ‘ಮೀಸಿ’ ಅನ್ನುತ್ತಾರೆ. ಎರಡನೆಯದು ಲೆಕ್ಕ: ಎಕ್ಸೆಲ್‌ನಲ್ಲಿ ಗಲೀಜು ಡೇಟಾ ತೊಳೆದು, ಪಿವಟ್ ಮಾಡಿ, ಅದರಿಂದ ಒಂದು ಅರ್ಥ ತೆಗೆಯುವುದು. ಮೂರನೆಯದು ಜನರ ಜೊತೆ ಮಾತಾಡಿ ನಿಜ ಹೊರತೆಗೆಯುವುದು. ನಾಲ್ಕನೆಯದು ಬರೆಯುವುದು. ಸ್ಲೈಡಿನ ತಲೆಬರಹ ಓದಿದರೆ ಸಾಕು, ವಿಷಯ ತಿಳಿಯಬೇಕು. ‘ಮಾರಾಟದ ವಿಶ್ಲೇಷಣೆ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಮಾರಾಟ ಕುಸಿದದ್ದು ಉತ್ತರ ಕರ್ನಾಟಕದಲ್ಲಿ ಮಾತ್ರ, ಅದೂ ಎರಡು ಡೀಲರ್‌ಗಳು ಬಿಟ್ಟುಹೋದ ಮೇಲೆ’ ಅಂತ ಬರೆದರೆ ಓದಿದವರು ತಕ್ಷಣ ಮುಂದಿನ ಪ್ರಶ್ನೆ ಕೇಳುತ್ತಾರೆ.

ನಾಲ್ಕರಲ್ಲಿ ನಿಮಗೆ ಯಾವುದು ಬರುವುದಿಲ್ಲ ಅನ್ನುವುದು ಗೊತ್ತಿದ್ದರೆ ದಾರಿ ಆರಿಸುವುದು ಅರ್ಧ ಮುಗಿದ ಹಾಗೆ. ಇಂಜಿನಿಯರುಗಳಿಗೆ ಸಾಮಾನ್ಯವಾಗಿ ಲೆಕ್ಕ ಬರುತ್ತದೆ, ಬರವಣಿಗೆ ಬರುವುದಿಲ್ಲ. ಬಿಕಾಂ ಮಾಡಿದವರಿಗೆ ಬ್ಯಾಲೆನ್ಸ್ ಶೀಟ್ ಗೊತ್ತು, ಕಾರ್ಖಾನೆ ನೋಡಿರುವುದಿಲ್ಲ. ಮೂರನೆಯ ಕಸುಬು, ಅಂದರೆ ಜನರ ಬಾಯಿಂದ ವಿಷಯ ತೆಗೆಯುವುದು, ಬಹಳ ಜನರಿಗೆ ಬರುವುದಿಲ್ಲ. ಅದನ್ನು ಕಲಿಸುವ ತರಗತಿಯೂ ಕಡಿಮೆ.

ಎರಡು ವರ್ಷದ ಎಂಬಿಎ

ಬಾಗಿಲಿನ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು 1973ರಲ್ಲಿ ಶುರುವಾಯಿತು. ಅಹಮದಾಬಾದ್, ಕಲ್ಕತ್ತಾ ಅದಕ್ಕಿಂತ ಹಳೆಯವು. ಈ ಮೂರರ ಕ್ಯಾಂಪಸ್‌ಗೆ ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು ಪ್ರತಿ ವರ್ಷ ಬರುತ್ತವೆ. ಒಳಗೆ ಹೋಗಲು ಕ್ಯಾಟ್ ಬರೆಯಬೇಕು. ನವೆಂಬರ್ ಕೊನೆಯ ಸುಮಾರಿಗೆ ಪರೀಕ್ಷೆ, ಮೂರು ಭಾಗ, ಪ್ರತಿ ಭಾಗಕ್ಕೆ 40 ನಿಮಿಷ. ಶುಲ್ಕ 20 ಲಕ್ಷ ರೂಪಾಯಿ ದಾಟಿದೆ. ಎರಡು ವರ್ಷ ಸಂಬಳ ಇಲ್ಲ ಅನ್ನುವುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಕಲಿಕೆಯ ವಿಷಯಕ್ಕೆ ಬಂದರೆ, ಬಹಳ ಜನ ಗಮನಿಸದ ಸಂಗತಿ ಒಂದಿದೆ. ತರಗತಿ ಶುರುವಾಗುವುದು ಜೂನ್ ಆಸುಪಾಸು. ಬೇಸಿಗೆ ಇಂಟರ್ನ್‌ಶಿಪ್‌ಗೆ ಸಂದರ್ಶನ ನಡೆಯುವುದು ಅದೇ ವರ್ಷದ ದೀಪಾವಳಿ ಸುಮಾರಿಗೆ. ಆ ಇಂಟರ್ನ್‌ಶಿಪ್‌ನಲ್ಲಿ ಚೆನ್ನಾಗಿ ಮಾಡಿದವರಿಗೆ ಅಲ್ಲೇ ಪಿಪಿಒ ಸಿಗುತ್ತದೆ, ಅಂದರೆ ಓದು ಮುಗಿಯುವ ಮುಂಚೆಯೇ ನೌಕರಿ ಪಕ್ಕಾ. ಹೀಗೆ ಎರಡು ವರ್ಷದ ಕೋರ್ಸಿನ ಅತಿ ಮುಖ್ಯ ಪರೀಕ್ಷೆ ನಾಲ್ಕೈದು ತಿಂಗಳಲ್ಲೇ ಬಂದುಬಿಡುತ್ತದೆ. ಅಷ್ಟರಲ್ಲಿ ಪ್ರೊಫೆಸರ್‌ಗಳು ಅಕೌಂಟಿಂಗ್, ಎಕನಾಮಿಕ್ಸ್ ಬುನಾದಿ ಮುಗಿಸಿರುತ್ತಾರೆ ಅಷ್ಟೆ. ಕೇಸ್ ಬಿಡಿಸುವುದನ್ನು, ಅಂದರೆ ಸಂದರ್ಶನದಲ್ಲಿ ಕೊಡುವ ಒಂದು ವ್ಯವಹಾರದ ಸಮಸ್ಯೆಗೆ ಅಲ್ಲೇ ಉತ್ತರ ಕಟ್ಟುವುದನ್ನು, ಸೀನಿಯರ್‌ಗಳು ರಾತ್ರಿ ಕೂತು ಹೇಳಿಕೊಡುತ್ತಾರೆ. ಅದಕ್ಕೂ ಶಾರ್ಟ್‌ಲಿಸ್ಟ್ ಆಗಬೇಕು. ಶಾರ್ಟ್‌ಲಿಸ್ಟ್‌ನಲ್ಲಿ ಹತ್ತನೇ ತರಗತಿಯ ಅಂಕದಿಂದ ಹಿಡಿದು ಹಳೆಯ ಕೆಲಸದವರೆಗೆ ಎಲ್ಲ ನೋಡುತ್ತಾರೆ. ಕೈಯಲ್ಲಿ ಏನಾದರೂ ಮಾಡಿ ತೋರಿಸಿದ ಕೆಲಸ ಇಟ್ಟುಕೊಂಡು ಎಂಬಿಎಗೆ ಹೋದವರಿಗೂ, ಬರೀ ಪರ್ಸೆಂಟೈಲ್ ಹಿಡಿದು ಹೋದವರಿಗೂ ಇಲ್ಲಿ ದೊಡ್ಡ ಅಂತರ ಬೀಳುತ್ತದೆ.

ಇನ್ನು ಕೆಇಎ ನಡೆಸುವ ಪಿಜಿಸಿಇಟಿ ಮೂಲಕ ಸಿಗುವ ಎಂಬಿಎ, ಅಥವಾ ಹತ್ತಾರು ಲಕ್ಷ ಕೇಳುವ ಖಾಸಗಿ ಕಾಲೇಜಿನ ಎಂಬಿಎ. ಬೇರೆ ನೌಕರಿಗಳಿಗೆ ಇವು ಉಪಯೋಗಕ್ಕೆ ಬರಬಹುದು. ಕನ್ಸಲ್ಟಿಂಗ್ ಒಂದೇ ಗುರಿ ಆಗಿದ್ದರೆ, ಸಾಲ ಮಾಡಿ ಇವನ್ನು ಸೇರಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ. ಸೇರುವ ಮುಂಚೆ ಆ ಕಾಲೇಜಿನಿಂದ ಹೋದ ವರ್ಷ ಯಾವ ಕನ್ಸಲ್ಟಿಂಗ್ ಕಂಪನಿ, ಯಾವ ಹುದ್ದೆಗೆ, ಎಷ್ಟು ಜನರನ್ನು ತಗೊಂಡಿತು ಅಂತ ಕೇಳಿ. ‘ಕನ್ಸಲ್ಟಂಟ್’ ಅನ್ನುವ ಹೆಸರಿಗೆ ಮರುಳಾಗಬೇಡಿ. ಸಾಫ್ಟ್‌ವೇರ್ ಅಳವಡಿಸುವ ಕೆಲಸಕ್ಕೂ, ಜನರನ್ನು ಹುಡುಕಿಕೊಡುವ ಏಜೆನ್ಸಿ ಕೆಲಸಕ್ಕೂ ಅದೇ ಹೆಸರು ನಡೆಯುತ್ತದೆ.

ಒಂದು ವರ್ಷದ ಕೋರ್ಸುಗಳ ಲೆಕ್ಕ ಬೇರೆ. ಹೈದರಾಬಾದಿನ ಐಎಸ್‌ಬಿ 2001ರಿಂದ ನಡೆಯುತ್ತಿದೆ, ಕೆಲಸದ ಅನುಭವ ಇದ್ದವರಿಗೆ. ಐಐಎಂ ಬೆಂಗಳೂರಿನ ಇಪಿಜಿಪಿಗೆ ಕನಿಷ್ಠ 5 ವರ್ಷ ಅನುಭವ ಬೇಕು. ಇಲ್ಲಿ ಕನ್ಸಲ್ಟಿಂಗ್ ಕಂಪನಿಗಳು ಹುಡುಕುವುದು ಒಂದು ಕ್ಷೇತ್ರವನ್ನು ಚೆನ್ನಾಗಿ ಬಲ್ಲವರನ್ನು. ಔಷಧ ತಯಾರಿಕೆ, ವಿಮೆ, ವಿದ್ಯುತ್, ರೀಟೇಲ್ ಹೀಗೆ. ಆರು ವರ್ಷ ಐಟಿಯಲ್ಲಿದ್ದು ಒಂದು ಬ್ಯಾಂಕಿನ ಸಾಲ ವಿಭಾಗದ ವ್ಯವಸ್ಥೆ ಬೆರಳ ತುದಿಯಲ್ಲಿದೆ ಅನ್ನುವವರಿಗೆ ಇದು ಸರಿಯಾದ ದಾರಿ. ಆರು ವರ್ಷ ಸಾಫ್ಟ್‌ವೇರ್ ದೂರಿನ ಟಿಕೆಟ್ ಮುಚ್ಚಿದ್ದೇನೆ, ಅದು ಯಾವ ವ್ಯವಹಾರಕ್ಕೆ ಅಂತ ಗೊತ್ತಿಲ್ಲ ಅನ್ನುವವರು ಅರ್ಜಿ ಹಾಕುವ ಮುಂಚೆ ಅದನ್ನು ತಿಳಿದುಕೊಳ್ಳಲಿ. ತಂಡದ ಬಿಸಿನೆಸ್ ಅನಾಲಿಸ್ಟ್ ಜೊತೆ ನಾಲ್ಕು ಸಲ ಕೂತರೂ ಸಾಕಷ್ಟು ತಿಳಿಯುತ್ತದೆ.

ಅನಾಲಿಸ್ಟ್ ಆಗಿ ನೇರ ನೌಕರಿ

ಬೆಂಗಳೂರಿನಲ್ಲಿ ಇರುವವರಿಗೆ ಇದೊಂದು ಅನುಕೂಲ. ಬಿಗ್ ಫೋರ್‌ನ ದೊಡ್ಡ ಕಚೇರಿಗಳು ಇಲ್ಲಿವೆ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ಇಟ್ಟುಕೊಂಡ ಕಚೇರಿಗಳು, ಅಂದರೆ ಜಿಸಿಸಿಗಳಿವೆ. ಡೇಟಾದಿಂದ ಅರ್ಥ ತೆಗೆದುಕೊಡುವ ಅನಾಲಿಟಿಕ್ಸ್ ಕಂಪನಿಗಳಿವೆ. ಮ್ಯೂ ಸಿಗ್ಮಾ 2004ರಲ್ಲಿ ಶುರುವಾದಾಗ ಅದರ ಸ್ಥಾಪಕ ಧೀರಜ್ ರಾಜಾರಾಮ್ ಅದಕ್ಕೆ ಮುಂಚೆ ಕನ್ಸಲ್ಟಂಟ್ ಆಗಿಯೇ ಕೆಲಸ ಮಾಡಿದ್ದರು. ಕಾಲೇಜು ಮುಗಿಸಿದ ಹುಡುಗರನ್ನು ತಗೊಂಡು ಸಮಸ್ಯೆ ಬಿಡಿಸುವುದನ್ನು ಕಲಿಸುವ ಪದ್ಧತಿ ಇಂಥ ಕಡೆ ಬೆಳೆಯಿತು.

ಈ ದಾರಿಯಲ್ಲಿ ಲೆಕ್ಕ ಮತ್ತು ಸ್ಲೈಡ್ ಎರಡೂ ಗಟ್ಟಿಯಾಗುತ್ತವೆ. ಸಂಬಳವೂ ಬರುತ್ತದೆ. ಎರಡು ವರ್ಷದಲ್ಲಿ ಎಕ್ಸೆಲ್, ಎಸ್‌ಕ್ಯುಎಲ್, ಪವರ್‌ಪಾಯಿಂಟ್ ಕೈಗೆ ಹತ್ತುತ್ತವೆ. ಪ್ರತಿ ಸೆಲ್ ಪರೀಕ್ಷಿಸುವ ಶಿಸ್ತು ಬರುತ್ತದೆ. ಕೊರತೆ ಇರುವುದು ಕ್ಲೈಂಟ್ ಮುಖ ಕಾಣುವುದರಲ್ಲಿ. ಲಂಡನ್‌ನಲ್ಲೋ ಶಿಕಾಗೋದಲ್ಲೋ ಕೂತ ತಂಡ ಪ್ರಶ್ನೆ ಕಳಿಸುತ್ತದೆ, ನೀವು ಉತ್ತರ ಕಳಿಸುತ್ತೀರಿ. ಪ್ರಶ್ನೆ ಯಾಕೆ ಬಂತು, ಉತ್ತರ ಏನಾಯಿತು ಅನ್ನುವುದು ಗೊತ್ತೇ ಆಗುವುದಿಲ್ಲ. ಸಂದರ್ಶನದಲ್ಲೇ ಕೇಳಿ: ‘ಕ್ಲೈಂಟ್ ಕಾಲ್‌ನಲ್ಲಿ ನಾನು ಇರ್ತೀನಾ? ಎಷ್ಟು ತಿಂಗಳಾದ ಮೇಲೆ?’ ಇದು ಉದ್ಧಟತನ ಆಗುವುದಿಲ್ಲ, ಕೇಳಬೇಕಾದ ಪ್ರಶ್ನೆಯೇ.

ಇನ್ನೊಂದು ಬದಲಾವಣೆಯೂ ನಡೆಯುತ್ತಿದೆ. 2023ರಲ್ಲಿ ಮೆಕಿನ್ಸಿ ತನ್ನದೇ ಆದ ‘ಲಿಲಿ’ ಅನ್ನುವ ಎಐ ಸಾಧನ ತಂದಿತು. ಬೇರೆ ಕಂಪನಿಗಳೂ ಇಂಥವನ್ನು ಬಳಸುತ್ತಿವೆ. ಹಳೆಯ ವರದಿ ಹುಡುಕಿ ಸಾರಾಂಶ ಮಾಡುವುದು, ಮೊದಲ ಕರಡು ಸ್ಲೈಡ್ ಮಾಡುವುದು ಇನ್ನು ಮುಂದೆ ಕಿರಿಯರ ದೊಡ್ಡ ಕೆಲಸವಾಗಿ ಉಳಿಯುವುದು ಕಷ್ಟ. ಎಲ್ಲೂ ಬರೆದಿಡದ ಮಾಹಿತಿಯನ್ನು ಜಾಗಕ್ಕೆ ಹೋಗಿ ತರುವವರ ಬೆಲೆ ಹೆಚ್ಚುತ್ತದೆ. ಅದು ಮುಂದಿನ ದಾರಿಗೆ ಸಂಬಂಧಿಸಿದ್ದು. ನನಗೆ ತುಂಬ ನಂಬಿಕೆ ಇರುವ ದಾರಿಯೂ ಅದೇ.

ಸಣ್ಣ ಕಾರ್ಖಾನೆ, ಸಣ್ಣ ಸಂಸ್ಥೆ

ಪೀಣ್ಯ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿಗಳಿವೆ. ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ ಬಿಡಿಭಾಗ ಮಾಡುವ ಘಟಕಗಳಿವೆ. ಇಂಥ ಕಡೆ ಪ್ರೊಡಕ್ಷನ್ ಪ್ಲಾನಿಂಗ್, ಕ್ವಾಲಿಟಿ, ಕಾಸ್ಟಿಂಗ್ ಅನ್ನುವ ಹುದ್ದೆಗೆ ಒಂದೂವರೆ ಎರಡು ವರ್ಷ ಸೇರುವುದು, ಅಥವಾ ಸಣ್ಣ ಉದ್ಯಮಗಳಿಗೆ ಸಲಹೆ ಕೊಡುವ ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡುವುದು. ಸಂಬಳ ಕಮ್ಮಿ. ಗೆಳೆಯರ ಆಫರ್ ಲೆಟರ್ ನೋಡಿದಾಗ ಬೇಜಾರಾಗುತ್ತದೆ. ಆದರೆ ಮೇಲೆ ಹೇಳಿದ ನಾಲ್ಕೂ ಕಸುಬು ಒಂದೇ ಸೂರಿನಡಿ ಸಿಗುವುದು ಇಲ್ಲಿ ಮಾತ್ರ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಒಂದು ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಮಷೀನ್, ಇದೆ ಅಂದುಕೊಳ್ಳಿ. ಮಾಲೀಕರು ‘ಮಷೀನ್ ಸಾಲ್ತಿಲ್ಲ, ಇನ್ನೊಂದು ತಗೋಬೇಕು, ಬ್ಯಾಂಕ್ ಲೋನ್‌ಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡ್ಕೊಡಿ’ ಅನ್ನುತ್ತಾರೆ. ಶಿಫ್ಟ್ 8 ಗಂಟೆ, ಅಂದರೆ 480 ನಿಮಿಷ. ಒಂದು ಪೀಸ್‌ಗೆ 3 ನಿಮಿಷ ಬೇಕು. ಹಾಗಾದರೆ 160 ಪೀಸ್ ಬರಬೇಕು. ಒಳ್ಳೆ ಪೀಸ್ ಬರುತ್ತಿರುವುದು 96. ಉಳಿದ 64 ಎಲ್ಲಿ ಹೋದವು?

ಲಾಗ್‌ಬುಕ್ ನೋಡಿದರೆ ಎಲ್ಲ ಸರಿ ಇರುತ್ತದೆ. ಅದನ್ನು ಶಿಫ್ಟ್ ಮುಗಿದ ಮೇಲೆ ಒಟ್ಟಿಗೆ ತುಂಬಿರುತ್ತಾರೆ. ಹಾಗಾಗಿ ಮಷೀನ್ ಪಕ್ಕ ನಿಲ್ಲಬೇಕು. ನಿಂತರೆ ಕಾಣುತ್ತದೆ: ದಿನಕ್ಕೆ ಎರಡು ಸಲ ಸೆಟ್ಟಿಂಗ್ ಬದಲಾಗುತ್ತದೆ, ಪ್ರತಿ ಸಲ 45 ನಿಮಿಷ. ಟೂಲ್ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ತರಲು ಸ್ಟೋರ್‌ಗೆ ಹೋಗಿ ಕಾಯುವುದು 30 ನಿಮಿಷ. ಅಲ್ಲಿಗೆ 120 ನಿಮಿಷ ಹೋಯಿತು. ಮಷೀನ್ ಓಡಿದ್ದು 360 ನಿಮಿಷ, ಶೇ 75. ಆ 360 ನಿಮಿಷಕ್ಕೆ 120 ಪೀಸ್ ಬರಬೇಕಿತ್ತು, ಬಂದದ್ದು 100. ಅಂದರೆ ಶೇ 83. ಯಾಕೆ? ವೇಗ ಹೆಚ್ಚಿಸಿದರೆ ಇನ್ಸರ್ಟ್ ಮುರಿಯುತ್ತದೆ, ಬೈಸಿಕೊಳ್ಳಬೇಕಾಗುತ್ತದೆ ಅಂತ ಆಪರೇಟರ್ ಫೀಡ್, ಅಂದರೆ ಟೂಲ್ ಮುಂದೆ ಸರಿಯುವ ವೇಗ, ಸ್ವಲ್ಪ ಇಳಿಸಿಟ್ಟಿದ್ದಾನೆ. ನೂರರಲ್ಲಿ 4 ರಿಜೆಕ್ಟ್, ಉಳಿದದ್ದು ಶೇ 96. ಮೂರನ್ನೂ ಗುಣಿಸಿದರೆ ಶೇ 60. ಇದಕ್ಕೆ ಓಇಇ ಅನ್ನುತ್ತಾರೆ. ಮಷೀನ್‌ನ ನಿಜವಾದ ದುಡಿಮೆ ಎಷ್ಟು ಅಂತ ತೋರಿಸುವ ಅಂಕಿ.

ಈಗ ಯೋಚಿಸಿ. ಸೆಟ್ಟಿಂಗ್‌ಗೆ ಬೇಕಾದ, ಪೀಸ್ ಹಿಡಿಯುವ ಜಾಸ್, ಟೂಲ್, ಡ್ರಾಯಿಂಗ್ ಎಲ್ಲ ಮಷೀನ್ ಓಡುತ್ತಿರುವಾಗಲೇ ಪಕ್ಕದಲ್ಲಿ ಜೋಡಿಸಿಟ್ಟರೆ 45 ನಿಮಿಷ 20ಕ್ಕೆ ಇಳಿಯಬಹುದು. ಇನ್ಸರ್ಟ್ ಶಿಫ್ಟ್ ಶುರುವಿನಲ್ಲೇ ಕೊಟ್ಟರೆ ಆ 30 ನಿಮಿಷವೂ ಉಳಿಯುತ್ತದೆ. ಒಟ್ಟು 80 ನಿಮಿಷ ವಾಪಸ್ ಬಂತು. ಈಗಿನ ನಿಧಾನ ವೇಗದಲ್ಲೇ 22 ಪೀಸ್ ಜಾಸ್ತಿ. ಹೊಸ ಮಷೀನ್ ಸಾಲ ಸದ್ಯಕ್ಕೆ ಬೇಡ ಅಂತ ಮಾಲೀಕರಿಗೆ ಹೇಳುವಷ್ಟು ಆಧಾರ ಸಿಕ್ಕಿತು. ಒಂದೇ ಹಾಳೆಯಲ್ಲಿ ಬರೆಯಬಹುದು.

ಇದರಲ್ಲಿ ಲೆಕ್ಕ ಏಳನೇ ತರಗತಿಯದು. ಕಷ್ಟ ಇರುವುದು ಆಪರೇಟರ್ ಬಾಯಲ್ಲಿ ‘ಫೀಡ್ ನಾನೇ ಇಳಿಸಿದ್ದು ಸರ್’ ಅಂತ ಬರಿಸುವುದರಲ್ಲಿ. ಕೈಯಲ್ಲಿ ಸ್ಟಾಪ್‌ವಾಚ್, ಪ್ಯಾಡ್ ಹಿಡಿದು ನಿಂತರೆ ಅವನು ಹೇಳುವುದಿಲ್ಲ. ‘ಅಣ್ಣಾ, ಈ ಜಾಬ್‌ನಲ್ಲಿ ನಿಮ್ಗೆ ಕಿರಿಕಿರಿ ಆಗೋದು ಯಾವುದು?’ ಅಂತ ಕೇಳಿ, ಟೀ ಸಮಯದಲ್ಲಿ ಜೊತೆ ನಿಂತು, ಎರಡು ಮೂರು ದಿನ ಬಿಟ್ಟು ಮತ್ತೆ ಕೇಳಿದರೆ ಹೇಳುತ್ತಾನೆ. ಹೇಳಿದ್ದನ್ನು ಮಾಲೀಕರಿಗೆ ಮುಟ್ಟಿಸುವಾಗ ಅವನ ಹೆಸರು ಬರದ ಹಾಗೆ ನೋಡಿಕೊಳ್ಳುವುದೂ ಈ ಕಸುಬಿನ ಭಾಗವೇ. ಒಮ್ಮೆ ಅವನ ಹೆಸರು ಹೊರಬಿದ್ದರೆ ಆ ಶೆಡ್‌ನಲ್ಲಿ ಮತ್ತೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಕನ್ನಡ ಮಾತಾಡುವ ಹುಡುಗರಿಗೆ ಇಲ್ಲಿ ಇರುವ ಬಲವನ್ನು ಅವರೇ ಗಮನಿಸುವುದಿಲ್ಲ. ದೊಡ್ಡ ಕಂಪನಿಯ ತಂಡ ಕರ್ನಾಟಕದ ಕಾರ್ಖಾನೆಗೋ ಇಲಾಖೆಗೋ ಬಂದಾಗ, ಫ್ಲೋರ್‌ನಲ್ಲಿ ಕನ್ನಡದಲ್ಲಿ ಮಾತಾಡಿಸಿ ಸಂಜೆ ಇಂಗ್ಲಿಷ್‌ನಲ್ಲಿ ಸ್ಲೈಡ್ ಮಾಡಬಲ್ಲವರು ತಂಡಕ್ಕೆ ಬೇಕೇ ಬೇಕು. ಇಂಗ್ಲಿಷ್ ಮೇಲೆ ಕೆಲಸ ಮಾಡಲೇಬೇಕು, ಸಂದರ್ಶನ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಆದರೆ ಅಲ್ಲಿ ಬೇಕಾದ್ದು ಸಣ್ಣ ವಾಕ್ಯ, ಸ್ಪಷ್ಟ ಕ್ರಮ. ಉಚ್ಚಾರ ಹೇಗಿದೆ ಅಂತ ಹೆದರುವ ಅಗತ್ಯ ಇಲ್ಲ.

ಸರ್ಕಾರದ ಕಡೆಯಿಂದಲೂ ಇದಕ್ಕೆ ಅವಕಾಶ ಇದೆ. ಸಣ್ಣ ಉದ್ಯಮಗಳಲ್ಲಿ ಪೋಲು ಕಡಿಮೆ ಮಾಡಿಸುವ ಲೀನ್ ಯೋಜನೆಯನ್ನು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ತಂದಿತು. ಸಲಹೆಗಾರರಿಗೆ ಕೊಡುವ ಶುಲ್ಕದಲ್ಲಿ ಶೇ 90ರಷ್ಟನ್ನು ಸರ್ಕಾರವೇ ಭರಿಸುತ್ತದೆ. ಇದರಿಂದ ಸಲಹೆಗಾರರಿಗೆ ಕೆಲಸ ಇದೆ, ಅವರಿಗೆ ಸಹಾಯಕರು ಬೇಕು. ನಮ್ಮ ರಾಜ್ಯದ ಸಲಹಾ ಸಂಸ್ಥೆ ಟೆಕ್ಸಾಕ್ 1976ರಿಂದ ಸಣ್ಣ ಉದ್ಯಮಗಳಿಗೆ ಪ್ರಾಜೆಕ್ಟ್ ರಿಪೋರ್ಟ್, ಸರ್ವೇ ತರಹದ ಕೆಲಸ ಮಾಡಿಕೊಡುತ್ತಾ ಬಂದಿದೆ. ಕಾರ್ಖಾನೆ ಹತ್ತಿರ ಇಲ್ಲದ ಊರಿನವರು ರೈತ ಉತ್ಪಾದಕರ ಕಂಪನಿಗಳನ್ನು (ಎಫ್‌ಪಿಒ) ನೋಡಿ. 2020ರಲ್ಲಿ ಶುರುವಾದ 10,000 ಎಫ್‌ಪಿಒ ಯೋಜನೆಯಿಂದ ತಾಲೂಕುಗಳಲ್ಲಿ ಇಂಥವು ಬಂದಿವೆ. ಕಲಬುರಗಿಯ ತೊಗರಿ ಎಫ್‌ಪಿಒ ಒಂದು ಯಾವಾಗ ಕೊಳ್ಳಬೇಕು, ಎಷ್ಟು ದಿನ ಗೋದಾಮಿನಲ್ಲಿ ಇಡಬೇಕು, ಬಡ್ಡಿ ಕಳೆದ ಮೇಲೆ ಏನು ಉಳಿಯುತ್ತದೆ ಅನ್ನುವ ಪ್ರಶ್ನೆ ಯಾವ ಎಂಬಿಎ ಕೇಸಿಗೂ ಕಮ್ಮಿ ಇಲ್ಲ.

ಈ ದಾರಿಯ ದೊಡ್ಡ ಕೊರತೆಯನ್ನೂ ಹೇಳಬೇಕು. ಇದು ತಾನಾಗಿ ಮೆಕಿನ್ಸಿ, ಬಿಸಿಜಿಯ ಬಾಗಿಲು ತೆರೆಯುವುದಿಲ್ಲ. ಸಿವಿ ನೋಡುವವರಿಗೆ ಆ ಶೆಡ್‌ನ ಹೆಸರು ಗೊತ್ತಿರುವುದಿಲ್ಲ. ಅದಕ್ಕೇ ಅಂಕಿ ಬೇಕು. ‘ಉತ್ಪಾದನೆ ಸುಧಾರಣೆಯಲ್ಲಿ ಭಾಗವಹಿಸಿದ್ದೇನೆ’ ಅಂತ ಬರೆದರೆ ಯಾರೂ ನೋಡುವುದಿಲ್ಲ. ‘ಸೆಟ್ಟಿಂಗ್ ಸಮಯ 45ರಿಂದ 20 ನಿಮಿಷಕ್ಕೆ ಇಳಿಸಿ ಹೊಸ ಮಷೀನ್ ಖರೀದಿ ಮುಂದೂಡಿಸಿದೆ’ ಅಂತ ಬರೆದರೆ ಸಂದರ್ಶಕರು ಅದನ್ನೇ ಹಿಡಿದು ಕೇಳುತ್ತಾರೆ. ಕೇಳಿದರೆ ನಿಮ್ಮ ಹತ್ತಿರ ಹೇಳಲು ಬೇಕಾದಷ್ಟಿರುತ್ತದೆ.

ಕೇಸ್ ಅಭ್ಯಾಸ

ಇದು ಬೇರೆ ದಾರಿ ಅನ್ನುವುದಕ್ಕಿಂತ ಯಾವ ದಾರಿ ಹಿಡಿದರೂ ಜೊತೆಗಿರಬೇಕಾದದ್ದು. ಖರ್ಚು ಹೆಚ್ಚುಕಮ್ಮಿ ಸೊನ್ನೆ. ಐಐಎಂ, ಐಐಟಿಗಳ ಕನ್ಸಲ್ಟಿಂಗ್ ಕ್ಲಬ್‌ಗಳು ಮಾಡಿದ ಕೇಸ್‌ಬುಕ್‌ಗಳು ಓಡಾಡುತ್ತಿರುತ್ತವೆ. ಬೇಕಾಗಿರುವುದು ಒಬ್ಬ ಜೊತೆಗಾರ ಅಥವಾ ಜೊತೆಗಾತಿ, ಒಂದು ಪೆನ್ನು, ಬಿಳಿ ಹಾಳೆ. ಒಬ್ಬರೇ ಕೂತು ಓದಿದರೆ ಇದು ಬರುವುದಿಲ್ಲ. ಈಜು ಕಲಿತ ಹಾಗೆ, ಇಳಿದೇ ಕಲಿಯಬೇಕು.

ಕೇಸ್‌ಬುಕ್‌ನಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ, ಬ್ರೆಜಿಲ್‌ನ ಕಾಫಿ ಅಂತ ಇರುತ್ತದೆ. ನಿಮ್ಮ ಕಣ್ಣೆದುರಿನದನ್ನು ತಗೊಳ್ಳಿ. ಹುಬ್ಬಳ್ಳಿ–ಧಾರವಾಡದ ಮಧ್ಯೆ ಓಡುವ ಚಿಗರಿ ಬಸ್‌ಗಳಿಗೆ ದಿನಕ್ಕೆ ಟಿಕೆಟ್‌ನಿಂದ ಎಷ್ಟು ಹಣ ಬರುತ್ತದೆ? ಬಸ್‌ಗಳ ಸಂಖ್ಯೆ, ಒಂದು ಬಸ್ಸಿನ ಟ್ರಿಪ್, ಒಂದು ಟ್ರಿಪ್‌ಗೆ ಹತ್ತುವ ಜನ, ಸರಾಸರಿ ಟಿಕೆಟ್. ಈ ನಾಲ್ಕನ್ನು ಗುಣಿಸಬೇಕು. 90 ಬಸ್ ರಸ್ತೆಯಲ್ಲಿವೆ ಅಂತ ಊಹಿಸೋಣ. ದಾರಿ ಸುಮಾರು 22 ಕಿ.ಮೀ., ನಿಂತು ತಿರುಗುವುದೂ ಸೇರಿ ಒಂದು ಕಡೆಗೆ ಒಂದೂವರೆ ಗಂಟೆ ಇಟ್ಟುಕೊಂಡರೆ ದಿನಕ್ಕೆ 10 ಟ್ರಿಪ್. ಒಟ್ಟು 900. ಜನ ಎಷ್ಟು? ಸೀಟು ಎಣಿಸಿದರೆ ತಪ್ಪುತ್ತದೆ. ವಿದ್ಯಾನಗರದಲ್ಲಿ ಇಳಿಯುವವರು, ನವನಗರದಲ್ಲಿ ಹತ್ತುವವರು ಇರುತ್ತಾರೆ. ಬೆಳಗ್ಗೆ ತುಂಬಿರುತ್ತದೆ, ಮಧ್ಯಾಹ್ನ ಖಾಲಿ. ಸರಾಸರಿ 80 ಅಂತಿಟ್ಟರೆ 72,000 ಟಿಕೆಟ್. 15 ರೂಪಾಯಿಯಂತೆ 10 ಲಕ್ಷ 80 ಸಾವಿರ.

ಇಲ್ಲಿಗೆ ನಿಲ್ಲಿಸುವವರು ಬಹಳ. ಮುಂದಿನ ಹೆಜ್ಜೆ ಪರೀಕ್ಷಿಸುವುದು. 72,000 ಅಂದರೆ ಹೋಗಿ ಬರುವವರು 36,000 ಜನ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9 ಲಕ್ಷ ದಾಟಿತ್ತು. ನೂರಕ್ಕೆ ನಾಲ್ಕು ಜನ ಅನ್ನುವುದು ನಂಬಬಹುದಾದ ಅಂಕಿ. ಇನ್ನೂ ಒಂದು ಹೆಜ್ಜೆ ಹೋಗುವವರು ಕೇಳುತ್ತಾರೆ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದರ ಪರಿಣಾಮ ಏನು? ಆ ಉಚಿತ ಪ್ರಯಾಣ ಎಸಿ ಬಸ್‌ಗೆ ಇಲ್ಲ. ಚಿಗರಿ ಎಸಿ ಬಸ್. ಅದೇ ಊರುಗಳ ಮಧ್ಯೆ ಸಾಮಾನ್ಯ ಬಸ್‌ನಲ್ಲಿ ಹೆಣ್ಣುಮಕ್ಕಳು ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ಪ್ರಯಾಣಿಕರಲ್ಲಿ ಶೇ 40 ಮಹಿಳೆಯರು, ಅವರಲ್ಲಿ ಅರ್ಧ ಜನ ಆ ಕಡೆ ಹೋದರು ಅಂತ ಊಹಿಸಿದರೆ ಆದಾಯ ಐದನೇ ಒಂದು ಭಾಗ ಇಳಿದು 8 ಲಕ್ಷ 64 ಸಾವಿರಕ್ಕೆ ಬರುತ್ತದೆ. ಊಹೆಗಳು ಹೆಚ್ಚುಕಮ್ಮಿ ಇರಬಹುದು, ಪರವಾಗಿಲ್ಲ. ಸಂದರ್ಶಕರು ನೋಡುವುದು ಯಾವ ಊಹೆಯನ್ನು ಯಾಕೆ ಮಾಡಿದಿರಿ, ಅದು ತಪ್ಪಿದರೆ ಉತ್ತರ ಎಷ್ಟು ಅಲುಗಾಡುತ್ತದೆ ಅನ್ನುವುದನ್ನು.

ಅಭ್ಯಾಸದಲ್ಲಿ ಒಂದು ಎಚ್ಚರ. ಸಮಸ್ಯೆ ತುಂಡು ಮಾಡುವ ಸಿದ್ಧ ಚೌಕಟ್ಟುಗಳನ್ನು ಬಾಯಿಪಾಠ ಮಾಡಿ ಎಲ್ಲ ಕೇಸಿಗೂ ಅದನ್ನೇ ಹಾಕುವವರು ಬೇಗ ಸಿಕ್ಕಿಬೀಳುತ್ತಾರೆ. ಆಸ್ಪತ್ರೆಯ ಕೇಸಿನಲ್ಲಿ ಹಾಸಿಗೆ ಖಾಲಿ ಇರುವುದು ಮುಖ್ಯವೋ ಡಾಕ್ಟರ್ ಸಮಯ ಮುಖ್ಯವೋ ಅಂತ ಯೋಚಿಸದೆ ‘ರೆವಿನ್ಯೂ, ಕಾಸ್ಟ್’ ಅಂತ ಗೆರೆ ಎಳೆದರೆ ಪ್ರಯೋಜನ ಇಲ್ಲ. ಜೊತೆಗಾರರು ಸುಮ್ನೆ ‘ಚೆನ್ನಾಗಿತ್ತು’ ಅನ್ನದೆ, ಎಲ್ಲಿ ತಡವರಿಸಿದಿರಿ ಅಂತ ಬರೆದುಕೊಡುವವರಾಗಿರಲಿ.

ಸಿಎ, ಆನ್‌ಲೈನ್ ಕೋರ್ಸ್, ಸ್ವಯಂಸೇವೆ

ಸಿಎ ಈಗಾಗಲೇ ಮಾಡುತ್ತಿರುವವರು ಅದನ್ನು ಬಿಡಬೇಡಿ. 2023ರ ಜುಲೈನಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, 2 ವರ್ಷ. ಆ ಎರಡು ವರ್ಷ ಬರೀ ಜಿಎಸ್‌ಟಿ ರಿಟರ್ನ್ ತುಂಬುವುದರಲ್ಲಿ ಕಳೆದರೆ ಕನ್ಸಲ್ಟಿಂಗ್‌ಗೆ ಏನೂ ಬರುವುದಿಲ್ಲ. ಬೇರೆ ಬೇರೆ ಉದ್ಯಮದ ಆಡಿಟ್‌ಗೆ ಕಳಿಸಿ ಅಂತ ನಿಮಗೆ ತರಬೇತಿ ಕೊಡುವ ಆ ಸಿಎ ಅವರನ್ನು ಕೇಳಿ. ಗೋದಾಮಿನಲ್ಲಿ ಸ್ಟಾಕ್ ಎಣಿಸುವ ಆಡಿಟ್ ಬೇಜಾರು ಅನ್ನಿಸಿದರೂ ಒಂದು ವ್ಯವಹಾರ ಹೇಗೆ ಓಡುತ್ತದೆ ಅಂತ ಅಲ್ಲೇ ಕಾಣುವುದು. ಕಂಪನಿ ಕೊಳ್ಳುವ, ಮಾರುವ ವ್ಯವಹಾರಗಳ ಪರಿಶೀಲನೆಗೆ ಬಿಗ್ ಫೋರ್‌ನಲ್ಲಿ ಸಿಎಗಳು ಯಾವಾಗಲೂ ಬೇಕು. ಕನ್ಸಲ್ಟಿಂಗ್‌ಗಾಗಿಯೇ ಹೊಸದಾಗಿ ಸಿಎ ಶುರು ಮಾಡುವುದು ಮಾತ್ರ ಸುತ್ತು ದಾರಿ.

ಆನ್‌ಲೈನ್‌ನಲ್ಲಿ ಹಣ ಕಟ್ಟುವ ಮುಂಚೆ ಉಚಿತವಾಗಿ ಇರುವುದನ್ನು ಮುಗಿಸಿ. ‘ಸ್ವಯಂ’ ತಾಣದಲ್ಲಿ ಐಐಎಂ ಬೆಂಗಳೂರಿನ ಪ್ರೊಫೆಸರ್‌ಗಳ ಪಾಠಗಳಿವೆ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಸ್ವಲ್ಪ ಶುಲ್ಕ. ‘ಫೋರೇಜ್’ನಲ್ಲಿ ಬಿಸಿಜಿ ತರಹದ ಕಂಪನಿಗಳ ಮಾದರಿ ಕೆಲಸಗಳನ್ನು ಕೆಲವೇ ಗಂಟೆಯಲ್ಲಿ ಮಾಡಿ ನೋಡಬಹುದು. ಈ ಕೆಲಸ ನನಗೆ ಇಷ್ಟ ಆಗುತ್ತಾ ಅಂತ ತಿಳಿಯಲು ಇದು ಒಳ್ಳೆಯದು. ಪ್ರಮಾಣಪತ್ರ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ‘ಆರು ತಿಂಗಳಲ್ಲಿ ಕನ್ಸಲ್ಟಂಟ್’ ಅಂತ ಲಕ್ಷಾಂತರ ಕೇಳುವವರಿಂದ ದೂರ ಇರಿ.

ಕಾಲೇಜಿನಲ್ಲಿ ಇರುವವರಿಗೆ ಸ್ವಯಂಸೇವೆ ಒಳ್ಳೆಯ ಆರಂಭ. 2007ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ‘180 ಡಿಗ್ರೀಸ್ ಕನ್ಸಲ್ಟಿಂಗ್’ನ ಶಾಖೆಗಳು ಭಾರತದ ಹಲವು ಕಾಲೇಜುಗಳಲ್ಲಿವೆ. ವಿದ್ಯಾರ್ಥಿಗಳು ಸಂಘ ಸಂಸ್ಥೆಗಳಿಗೆ ಉಚಿತವಾಗಿ ಸಲಹೆ ಕೊಡುತ್ತಾರೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ಊರಿನ ಒಂದು ಸಹಕಾರ ಸಂಘಕ್ಕೆ ಹೋಗಿ ಕೇಳಿ. ಪಟ್ಟಿ ಮಾಡಿ ಕೊಟ್ಟು ಬರಬೇಡಿ. ಅದರಲ್ಲಿ ಒಂದನ್ನಾದರೂ ಜಾರಿಗೆ ತರುವವರೆಗೆ ಜೊತೆಗಿರಿ.

ಹಾಗಾದರೆ ಯಾರಿಗೆ ಯಾವುದು

ಒಳ್ಳೆಯ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದು, ಕ್ಯಾಂಪಸ್‌ಗೆ ಕನ್ಸಲ್ಟಿಂಗ್ ಅಥವಾ ಅನಾಲಿಟಿಕ್ಸ್ ಕಂಪನಿ ಬರುತ್ತಿದ್ದರೆ ಅದನ್ನೇ ತಗೊಳ್ಳಿ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಕ್ಯಾಟ್ ಬರೆಯಿರಿ. ಅಷ್ಟರಲ್ಲಿ ಎಂಬಿಎಗೆ ಮಾಡಬೇಕಾದ ಸಾಲದ ಮೊತ್ತವೂ ಸ್ವಲ್ಪ ಇಳಿಯುತ್ತದೆ.

ದಾವಣಗೆರೆ, ವಿಜಯಪುರ, ಹಾಸನದ ಕಾಲೇಜಿನಲ್ಲಿದ್ದು ಅಂಥ ಕಂಪನಿ ಬರುವುದಿಲ್ಲ ಅಂದರೆ, ನನ್ನ ಸಲಹೆ ಸಣ್ಣ ಕಾರ್ಖಾನೆಯ ದಾರಿ, ಜೊತೆಗೆ ವಾರಕ್ಕೆ ಎರಡು ಕೇಸ್, ಆಮೇಲೆ ಕ್ಯಾಟ್. ಮನೆಯ ಪರಿಸ್ಥಿತಿ ತಕ್ಷಣ ಒಳ್ಳೆ ಸಂಬಳ ಬೇಕು ಅನ್ನುವ ಹಾಗಿದ್ದರೆ ಐಟಿ ನೌಕರಿ ಹಿಡಿಯಿರಿ, ಅದರಲ್ಲಿ ತಪ್ಪೇನಿಲ್ಲ. ಶನಿವಾರಗಳನ್ನು ಒಂದು ಸಣ್ಣ ಸಂಸ್ಥೆಗೆ ಕೊಡಿ. ನಿಮ್ಮ ಕಂಪನಿಯ ನಿಯಮ ಹೊರಗಿನ ಕೆಲಸಕ್ಕೆ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಹತ್ತು ಹನ್ನೆರಡು ವರ್ಷ ಒಂದೇ ಕ್ಷೇತ್ರದಲ್ಲಿ ಇದ್ದವರು ಎಂಬಿಎ ಬಗ್ಗೆ ತಲೆ ಕೆಡಿಸಿಕೊಳ್ಳದೆ ಬಿಗ್ ಫೋರ್‌ನಲ್ಲಿ ನಿಮ್ಮ ಕ್ಷೇತ್ರದ ತಂಡ ಯಾವುದು ಅಂತ ಹುಡುಕಿ. ಸ್ವಂತವಾಗಿ ಸಲಹೆಗಾರರಾಗುವ ಯೋಚನೆ ಇದ್ದರೆ ಭಾರತದ ಮ್ಯಾನೇಜ್‌ಮೆಂಟ್ ಕನ್ಸಲ್ಟಂಟ್‌ಗಳ ಸಂಸ್ಥೆ ಕೊಡುವ ಸಿಎಂಸಿ ಮಾನ್ಯತೆ ನೋಡಬಹುದು. ಅದನ್ನು ಮಾಡಿದ ಕೆಲಸ ತೋರಿಸಿಯೇ ಪಡೆಯಬೇಕು.

ಮನೆಯಲ್ಲೇ ಅಂಗಡಿ, ಮಿಲ್ಲು, ವರ್ಕ್‌ಶಾಪ್ ಇರುವವರಿಗೆ ಬೇರೆಯವರಿಗೆ ಸಿಗದ ಒಂದು ಸೌಲಭ್ಯ ಇದೆ. ಲೆಕ್ಕದ ಪುಸ್ತಕ ಕೈಗೆ ಸಿಗುತ್ತದೆ. ಹೋದ ವರ್ಷದ ಸ್ಟಾಕ್ ಪುಸ್ತಕ ತಗೊಂಡು, ಆರು ತಿಂಗಳಿಂದ ಒಂದೂ ಮಾರಾಟವಾಗದ ಸಾಮಾನು ಯಾವುದು, ಅದರಲ್ಲಿ ಎಷ್ಟು ದುಡ್ಡು ಕೂತಿದೆ ಅಂತ ಮೊದಲು ತೆಗೆಯಿರಿ. ಅಪ್ಪ ಅಥವಾ ಚಿಕ್ಕಪ್ಪ ಆ ಸಾಮಾನನ್ನು ಯಾಕೆ ಇಟ್ಟುಕೊಂಡಿದ್ದಾರೆ ಅಂತ ಕೇಳಿ. ಹಳೆಯ ಗಿರಾಕಿ ಒಬ್ಬರು ವರ್ಷಕ್ಕೊಮ್ಮೆ ಬಂದು ಕೇಳುತ್ತಾರೆ ಅನ್ನುವಂಥ ಕಾರಣ ಇರಬಹುದು, ಅದನ್ನೂ ಬರೆದುಕೊಳ್ಳಿ. ಯಾವುದನ್ನು ಖಾಲಿ ಮಾಡಬಹುದು ಅಂತ ಅವರ ಜೊತೆ ಕೂತೇ ತೀರ್ಮಾನಿಸಿ. ಮೂರು ತಿಂಗಳು ಬಿಟ್ಟು ಅದೇ ಪುಸ್ತಕ ಮತ್ತೆ ತೆಗೆದು, ಮೊದಲಿನ ಅಂಕಿಯ ಪಕ್ಕ ಈಗಿನ ಅಂಕಿ ಬರೆಯಿರಿ. ಸಂದರ್ಶನದಲ್ಲಿ ‘ನೀವೇ ಮಾಡಿದ ಒಂದು ಕೆಲಸ ಹೇಳಿ’ ಅಂದಾಗ ಹೇಳಬೇಕಾದದ್ದು ಅದೇ.